ಒಂದನೇ ನಂಬರಿನ ಕಾರ್ಡು

ಹನ್ನೊಂದನೆಯ ಕಂತು

ಮೂವತ್ತೊಂದನೇ ಚೀಲವನ್ನು ಸುರಂಗ ರೈಲಿನ ಕಚೇರಿಯ ಮೇಜಿನ ಮೇಲೆ ಸುರಿದಾಗ ಇನ್‌ಸ್ಪೆಕ್ಟರಿಗೆ ಮೊದಲು ಬಂದದ್ದು ಸೀನು. ಸೀನಿ, ಮೂಗು ಒರೆಸಿಕೊಂಡು ಕಣ್ಣು ಬಿಟ್ಟಾಗ ಕಂಡದ್ದು ಆ ಕಾರ್ಡು.

ಆರುನೂರು ಚಿಲ್ಲರೆ ಕಾರ್ಡುಗಳ ರಾಶಿಯ ನೆತ್ತಿಯ ಮೇಲೆ ಅದು ಆರಾಮವಾಗಿ ಕೂತಿತ್ತು. ಉಳಿದವುಗಳ ಮೇಲೆಲ್ಲ ಸಾವಿರದ, ಹತ್ತು ಸಾವಿರದ ನಂಬರುಗಳು. ಇದರ ಮೇಲೆ ನಾಲ್ಕು ಸೊನ್ನೆ, ಅವುಗಳ ಪಕ್ಕದಲ್ಲಿ ಒಂದು.

ಬೆಳಗಿನಿಂದ ಅವನು ಹುಡುಕುತ್ತಿದ್ದದ್ದು ಇದನ್ನೇ. ಆದರೆ ಸಿಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅದು ಸತ್ತವರ ಕಾರ್ಡು. ಅದು ಇರಬೇಕಾದದ್ದು ಹೆಣದ ಜೇಬಿನಲ್ಲಿ, ಇಲ್ಲವೇ ಕೊಂದವರ ಮನೆಯ ಒಲೆಯ ಬೂದಿಯಲ್ಲಿ. 'ನಾಲ್ಕನೇ ಬಾಗಿಲು, ಒಂಬತ್ತರಿಂದ ಒಂಬತ್ತೂಕಾಲು' ಎಂದು ಚೀಟಿ ಕಟ್ಟಿದ ಎಣಿಕೆಯ ಚೀಲದಲ್ಲಿ ಅದಕ್ಕೆ ಏನೇನೂ ಕೆಲಸವಿರಲಿಲ್ಲ.

ಪ್ರಯಾಣಿಕರ ಲೆಕ್ಕ ತೆಗೆಯುತ್ತಿದ್ದ ಎಣಿಕೆ ಮೇಷ್ಟ್ರು ಸುರಂಗಕ್ಕೆಂದು ತೋಡಿದ ಮಣ್ಣು ಪರೀಕ್ಷೆಯ ಗುಂಡಿಯಲ್ಲಿ ಹೆಣವಾಗಿ ಸಿಕ್ಕು ಇಂದಿಗೆ ನಾಲ್ಕನೇ ದಿನ. ಅವರ ಸ್ವಂತ ಅಳಿಯ, ಆ ಗುಂಡಿ ತೋಡಿಸಿದ ಮೇಸ್ತ್ರಿ, ಲಾಕಪ್ಪಿನಲ್ಲಿದ್ದ. ಮಧ್ಯಾಹ್ನ ಮೂರಕ್ಕೆ ಅವನನ್ನು ದೊಡ್ಡ ಜೈಲಿಗೆ ಸಾಗಿಸಬೇಕೆಂದು ಮೇಲಿನಿಂದ ಆದೇಶವಾಗಿತ್ತು. ಗೋಡೆಯ ಗಡಿಯಾರದಲ್ಲಿ ಈಗ ಒಂದೂವರೆ.

ಠಾಣೆಯಲ್ಲಿ ಈ ಇನ್‌ಸ್ಪೆಕ್ಟರಿಗೆ 'ಗೂಡ್ಸ್ ಗಾಡಿ' ಎಂದು ಹೆಸರು. ಎಲ್ಲರಿಗೂ ದಾರಿ ಬಿಟ್ಟುಕೊಟ್ಟು ಎಲ್ಲರಿಗಿಂತ ಕೊನೆಗೆ ಬರುತ್ತಾನೆ, ಆದರೆ ಬರಿಗೈಯಲ್ಲಿ ಬರುವುದಿಲ್ಲ ಎಂದು ಅದರ ಅರ್ಥ. ಅರ್ಥದ ಎರಡನೆಯ ಭಾಗವನ್ನು ಸೇರಿಸಿದವಳು ಅವನ ಹೆಂಡತಿ.

ಅವನು ಕುರ್ಚಿ ಎಳೆದುಕೊಂಡು ಕೂತ. ಅವಸರ ಬಿದ್ದರೆ ಅವನಿಗೆ ಏನೂ ತೋಚುತ್ತಿರಲಿಲ್ಲ.

ಉತ್ತರದ ಉಪನಗರಗಳಿಂದ ಬರುವ ರೈಲು ಪೇಟೆಯ ಈ ಅಂಚಿಗೆ ಬಂದು ನಿಂತುಬಿಡುತ್ತದೆ. ದಕ್ಷಿಣದಿಂದ ಬರುವುದು ಆ ಅಂಚಿಗೆ. ನಡುವಿನ ದಾರಿಯನ್ನು ಜನ ನಡೆದು, ಇಲ್ಲವೇ ಬಸ್ಸಿಗೆ ಜೋತುಬಿದ್ದು ಮುಗಿಸಬೇಕು. ಎರಡೂ ಹಳಿಗಳನ್ನು ನೆಲದಡಿಯಲ್ಲಿ ಸುರಂಗ ಕೊರೆದು ಕೂಡಿಸಬೇಕು, ಪೇಟೆಯ ನಡುವೆ ಒಂದು ನಿಲ್ದಾಣ ಇಳಿಸಬೇಕು ಎನ್ನುವುದು ಈ ಕಚೇರಿಯ ಕೆಲಸ. ನಿಲ್ದಾಣ ಎಲ್ಲಿರಬೇಕೆಂದು ತಿಳಿಯಲು ಜನ ಎಲ್ಲಿಗೆ ಹೋಗುತ್ತಾರೆಂದು ಮೊದಲು ತಿಳಿಯಬೇಕು.

ಅದಕ್ಕೆ ಮೇಷ್ಟ್ರು ಹೂಡಿದ ಉಪಾಯ ಸರಳವಾಗಿತ್ತು. ಒಂದು ಮಂಗಳವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ರೈಲು ಹತ್ತುವ ಪ್ರತಿಯೊಬ್ಬರ ಕೈಗೂ ನಂಬರು ಹಾಕಿದ ಕಾರ್ಡು. ಇಳಿದು ಹೊರಗೆ ಹೋಗುವ ಬಾಗಿಲಲ್ಲಿ ಅದನ್ನು ಪೆಟ್ಟಿಗೆಗೆ ಹಾಕಬೇಕು. ಕಾರ್ಡಿನ ಹಿಂಬದಿಯಲ್ಲಿ ಮೂರು ಖಾನೆ: ಯಾವ ವಲಯಕ್ಕೆ, ಹೇಗೆ, ಎಷ್ಟು ನಿಮಿಷ. ಖಾನೆ ಖಾಲಿ ಬಿಟ್ಟರೆ ಅದು 'ಮೂಕ ಕಾರ್ಡು', ಲೆಕ್ಕಕ್ಕಿಲ್ಲ. ಕಾಲು ಗಂಟೆಗೊಮ್ಮೆ ಪೆಟ್ಟಿಗೆ ಬರಿದುಮಾಡಿ, ಚೀಲ ಕಟ್ಟಿ, ಹೊತ್ತಿನ ಚೀಟಿ ತಗುಲಿಸುವುದು.

ಎಣಿಕೆಯ ದಿನ ಮೊದಲ ಕಾರ್ಡನ್ನು ಮೇಷ್ಟ್ರು ತಾವೇ ತೆಗೆದುಕೊಳ್ಳುವರು. ಎಲ್ಲ ಮುಗಿದ ಮೇಲೆ ಕಟ್ಟಕಡೆಯ ಕಾರ್ಡಾಗಿ ಅದನ್ನು ತಾವೇ ಪೆಟ್ಟಿಗೆಗೆ ಹಾಕಿ, ಲೆಕ್ಕ ಪೂರ್ತಿಯಾಯಿತು ಎನ್ನುವರು. ಮೂವತ್ತು ವರ್ಷದ ರೂಢಿ ಅದು. ಅವತ್ತು ಆರು ಗಂಟೆಗೆ ಅವರು ಕಾರ್ಡನ್ನು ಅಂಗಿಯ ಜೇಬಿಗಿಟ್ಟದ್ದನ್ನು ಮೂವರು ಕಂಡಿದ್ದರು. ಹತ್ತೂವರೆಗೆ ಹೆಣ ಸಿಕ್ಕಾಗ ಜೇಬಿನಲ್ಲಿ ಪೆನ್ಸಿಲಿತ್ತು, ಗಡಿಯಾರವಿತ್ತು, ಒಂದು ಗೀರೂ ಬೀಳದ ಕನ್ನಡಕವಿತ್ತು. ಕಾರ್ಡು ಮಾತ್ರ ಇರಲಿಲ್ಲ.

ಇನ್‌ಸ್ಪೆಕ್ಟರು ಕಾರ್ಡನ್ನು ಮಗುಚಿದ.

ಮೂರೂ ಖಾನೆ ತುಂಬಿತ್ತು. ವಲಯ ಹದಿನೇಳು. ನಡೆದು. ಆರು ನಿಮಿಷ.

ವಲಯ ಹದಿನೇಳು ಎಂದರೆ ನಕ್ಷೆಯಲ್ಲಿ ಮೇಷ್ಟ್ರ ಹೆಣ ಬಿದ್ದಿದ್ದ ಚೌಕ. ನಾಲ್ಕನೇ ಬಾಗಿಲಿಂದ ಗುಂಡಿಯವರೆಗಿನ ದಾರಿಯನ್ನು ಅವನೇ ನಿನ್ನೆ ಗಡಿಯಾರ ಹಿಡಿದು ನಡೆದಿದ್ದ. ಅವನಿಗೆ ಒಂಬತ್ತು ನಿಮಿಷ ಹಿಡಿದಿತ್ತು. ಅಂದರೆ ಮನುಷ್ಯರಿಗೆ ಆರು.

ಕಾರ್ಡನ್ನು ಜೇಬಿನಿಂದ ತೆಗೆದವರು ಅದನ್ನು ಹರಿಯಬಹುದಿತ್ತು, ಚರಂಡಿಗೆ ಎಸೆಯಬಹುದಿತ್ತು. ಅದು ಬಿಟ್ಟು ಜನರ ಸಾಲಿನಲ್ಲಿ ನಿಂತು, ಸತ್ತವರು ಎಲ್ಲಿಗೆ ಹೋದರು, ಹೇಗೆ ಹೋದರು ಎಂದು ಸತ್ಯವಾಗಿ ತುಂಬಿಸಿ ಪೆಟ್ಟಿಗೆಗೆ ಹಾಕಿದ್ದರು. ಇಂಥ ತಪ್ಪನ್ನು ಈ ಕೆಲಸದವರಲ್ಲದೆ ಬೇರೆ ಯಾರೂ ಮಾಡಲಾರರು. ಒಂದು ಕಾರ್ಡೂ ಕಳೆಯಬಾರದು ಎಂದು ಮೇಷ್ಟ್ರು ತಿಂಗಳಿಂದ ಎಲ್ಲರ ತಲೆ ತಿಂದಿದ್ದರು. ಅವರನ್ನು ಕೊಂದ ಕೈಗೂ ಅವರ ಮಾತು ಮೀರಲು ಆಗಿರಲಿಲ್ಲ.

ಹಾಗೆ ಅನ್ನಿಸಿದ್ದೇ ಇನ್‌ಸ್ಪೆಕ್ಟರಿಗೆ ಮೈ ಜುಮ್ಮೆಂದಿತು. ಪೊಲೀಸು ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾದ ಮೇಲೂ ಹೀಗೆ ಹೆದರಿಕೆಯಾಗುತ್ತದಲ್ಲ ಎಂದು ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಇನ್ನೊಂದು ಮಾತು. ಅಳಿಯನ ಮೇಲಿದ್ದ ಆಪಾದನೆಯೆಲ್ಲ ಐವತ್ತು ನಿಮಿಷದ ಮೇಲೆ ನಿಂತಿತ್ತು. ಹಿಂದಿನ ಸಂಜೆ ಮಾವ ಎಲ್ಲರೆದುರು ಅವನನ್ನು ಗುಂಡಿ ತೋಡುವವನೆಂದು ಹೀಯಾಳಿಸಿ, ಇಬ್ಬರಿಗೂ ಜಗಳವಾಗಿತ್ತು. ಮಂಗಳವಾರ ಎಂಟಕ್ಕೆ ಅವನು ಗುಂಡಿಯ ತಗಡಿನ ಬಾಗಿಲ ಬೀಗ ತೆಗೆದು, ಪಂಪಿನ ಬೆಲ್ಟು ಹರಿದದ್ದು ನೋಡಿ, ರಿಪೇರಿಯವನನ್ನು ಹುಡುಕಿಕೊಂಡು ಹೊರಟಿದ್ದ. ಎಂಟು ಐವತ್ತರಿಂದ ಹತ್ತರವರೆಗೆ ರಿಪೇರಿ ಅಂಗಡಿಯಲ್ಲಿದ್ದನೆಂದು ಅಂಗಡಿಯವನ ಸಾಕ್ಷಿಯಿತ್ತು. ನಡುವಿನ ಐವತ್ತು ನಿಮಿಷಕ್ಕೆ ಯಾರ ಸಾಕ್ಷಿಯೂ ಇರಲಿಲ್ಲ. ಸಾವು ಎಂಟರಿಂದ ಒಂಬತ್ತರ ಒಳಗೆ ಎಂದು ಡಾಕ್ಟರು ಬರೆದಿದ್ದರು.

ಆದರೆ ಒಂಬತ್ತರ ಮೇಲೆ ಈ ಕಾರ್ಡನ್ನು ಪೆಟ್ಟಿಗೆಗೆ ಹಾಕಿದ ಕೈ ಅವನದಲ್ಲ. ಅವನ ಹೆಂಡತಿ, ಮೇಷ್ಟ್ರ ಒಬ್ಬಳೇ ಮಗಳು, ನಾಲ್ಕು ದಿನದಿಂದ ಅಪ್ಪನಿಗಾಗಿ ಅಳಬೇಕೋ ಗಂಡನಿಗಾಗಿ ಅಳಬೇಕೋ ತಿಳಿಯದೆ ಠಾಣೆಗೂ ಮನೆಗೂ ಅಲೆಯುತ್ತಿದ್ದಳು. ಅವಳಿಗೆ ಹೇಳಲು ಕೊನೆಗೂ ಒಂದು ಒಳ್ಳೆಯ ಮಾತು ಸಿಕ್ಕಿತ್ತು.

ಕಾರ್ಡನ್ನು ಡೈರಿಯೊಳಗಿಟ್ಟು ಅವನು ಮೊಗಸಾಲೆ ದಾಟಿ ಎದುರಿನ ಕೋಣೆಗೆ ನಡೆದ.

ಆ ಕೋಣೆಯಲ್ಲಿದ್ದವರು ಮುಖ್ಯ ಯೋಜಕರು. ಇಪ್ಪತ್ತೆರಡು ವರ್ಷದಿಂದ ಸುರಂಗ ಬಿಟ್ಟರೆ ಬೇರೆ ಮಾತಿಲ್ಲದ ಕಾರಣ ಕಚೇರಿಯಲ್ಲಿ ಅವರು 'ಸುರಂಗಪ್ಪ'. ಗೋಡೆಯ ತುಂಬ ಊರಿನ ನಕ್ಷೆ, ಅದರ ಮೇಲೆ ನಲವತ್ತು ವಲಯಗಳು, ಎರಡು ಕಪ್ಪು ಹಳಿಗಳು, ನಡುವೆ ನೀಲಿ ಪೆನ್ಸಿಲಿನ ಒಂದು ಗೆರೆ. ಎರಡು ಸಲ ಸಮಿತಿ ಕೂತು ಎರಡು ಸಲವೂ ಆ ಗೆರೆಯನ್ನು ಅಳಿಸಿತ್ತು. ಅಳಿಸಿ ಅಳಿಸಿ ಆ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. ಮೂರನೇ ಸಮಿತಿ ಇವತ್ತು ನಾಲ್ಕಕ್ಕೆ ಕೂರಲಿತ್ತು.

ಇನ್‌ಸ್ಪೆಕ್ಟರು ಪೀಠಿಕೆ ಹಾಕಲಿಲ್ಲ. ಕಾರ್ಡನ್ನು ಅವರ ಮುಂದಿಟ್ಟ.

ಸುರಂಗಪ್ಪನವರು ನಂಬರು ನೋಡಿದರು. ಅವರ ಮುಖದಿಂದ ರಕ್ತ ಇಳಿದುಹೋದದ್ದು ಎದ್ದು ಕಾಣುತ್ತಿತ್ತು.

"ಮಂಗಳವಾರ ಬೆಳಿಗ್ಗೆ ನೀವು ಗುಂಡಿ ಹತ್ರ ಹೋಗಿದ್ರಿ," ಎಂದ ಇನ್‌ಸ್ಪೆಕ್ಟರು. ಅದು ಅವನಿಗೆ ಗೊತ್ತಿರಲಿಲ್ಲ. ಕತ್ತಲಲ್ಲಿ ಎಸೆದ ಕಲ್ಲು ಅದು.

ಕಲ್ಲು ತಾಗಿತು. ಸುರಂಗಪ್ಪನವರು ನಕ್ಷೆಯ ಕಡೆ ತಿರುಗಿದರು. "ಹೋಗಿದ್ದೆ," ಎಂದರು. "ಎಂಟೂಕಾಲಿಗೆ ಹೋದೆ, ಎಂಟೂ ಮೂವತ್ತೈದಕ್ಕೆ ಹೊರಟೆ. ಹೊರಡೋವಾಗ ಅವನು ಬದುಕಿದ್ದ ಇನ್‌ಸ್ಪೆಕ್ಟ್ರೇ. ನನ್ನ ಬಯ್ಯೋವಷ್ಟು ಚೆನ್ನಾಗಿ ಬದುಕಿದ್ದ."

ಮುಂದಿನದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿದರು. ದಕ್ಷಿಣದ ಒಂದು ಗೇಟಿನಲ್ಲಿ ಕಾರ್ಡು ಹಂಚಲು ಅರ್ಧ ಗಂಟೆ ತಡವಾಗಿತ್ತಂತೆ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದರು. ಮೇಷ್ಟ್ರು ಹಾಗಲ್ಲ, ಬೆಣ್ಣೆಯಲ್ಲಿ ಕೂದಲು ಹುಡುಕುವ ಮನುಷ್ಯ. ಅರ್ಧ ಗಂಟೆ ಕಳೆದ ಎಣಿಕೆ ಎಣಿಕೆಯೇ ಅಲ್ಲ, ಸಮಿತಿಯ ಮುಂದೆ ನಾನೇ ಹೇಳುತ್ತೇನೆ, ಮುಂದಿನ ವರ್ಷ ಮತ್ತೆ ಮಾಡೋಣ ಎಂದು ಹಟ ಹಿಡಿದಿದ್ದರು. ಸುರಂಗಪ್ಪನವರು ಮೊದಲು ಕೈಮುಗಿದು ಕೇಳಿದರು, ಆಮೇಲೆ ಕೂಗಾಡಿದರು. ತಮಗೆ ನಿವೃತ್ತಿಗೆ ಇನ್ನು ಏಳು ತಿಂಗಳು, ಮುಂದಿನ ವರ್ಷ ಎನ್ನುವುದು ತಮಗೆ ಇಲ್ಲ ಎಂದರು. ಮೇಷ್ಟ್ರು ಜಗ್ಗಲಿಲ್ಲ.

"ಇಷ್ಟೆಲ್ಲ ಆಗಿದ್ದನ್ನ ನಾಲ್ಕು ದಿನ ಮುಚ್ಚಿಟ್ರಿ. ಅಲ್ಲಿ ಆ ಮೇಸ್ತ್ರಿ ಲಾಕಪ್ಪಲ್ಲಿ ಕೂತಿದಾನೆ."

"ಹೇಳಿದ್ರೆ ಎಣಿಕೆ ವಿಷಯ ಹೊರಗೆ ಬರುತ್ತೆ. ಗೆರೆ ಮತ್ತೆ ಅಳಿಸಿ ಹೋಗುತ್ತೆ." ಅವರು ನಕ್ಷೆಯತ್ತ ಕೈ ತೋರಿಸಿದರು. "ನಾಚಿಕೆಗೆಟ್ಟೋನು ಅನ್ನಿ. ಅನ್ನಿಸ್ಕೋತೀನಿ."

ಇನ್‌ಸ್ಪೆಕ್ಟರಿಗೆ ಕೋಪವೇ ಬರಬೇಕಿತ್ತು. ಬಂದದ್ದು ಸಂಕಟ. ಅವನು ಅವರ ಮುಂದೆ ಒಂದು ಹಾಳೆ ತಳ್ಳಿ, ಕಾರ್ಡಿನ ಹಿಂಬದಿಯಲ್ಲಿದ್ದದ್ದನ್ನೇ ಬರೆಯಲು ಹೇಳಿದ.

ಸುರಂಗಪ್ಪನವರು ಕಾರ್ಡನ್ನು ಮಗುಚಿ ನೋಡಿ ತಲೆಯಾಡಿಸಿದರು. ಬರೆಯುವುದು ಬೇಕಿಲ್ಲ, ಬಣ್ಣ ನೋಡಿ ಎಂದರು. ಅಕ್ಷರಗಳು ನೇರಳೆ ಬಣ್ಣದಲ್ಲಿದ್ದವು. ಪೆಟ್ಟಿಗೆಯ ಬಳಿ ನಿಂತವರಿಗೆ ಮಾತ್ರ ನೇರಳೆ ಪೆನ್ಸಿಲು ಕೊಟ್ಟಿದ್ದರು. ಬರೆಯಲು ಬಾರದವರಿಗೆ, ಕೈಯಲ್ಲಿ ಮಗು ಇದ್ದವರಿಗೆ, ಅವರು ಕೇಳಿ ಕೇಳಿ ಖಾನೆ ತುಂಬಿಸಿಕೊಡಬೇಕು. ಪ್ರಯಾಣಿಕರು ಬರೆದದ್ದು ಯಾವುದು, ಕಚೇರಿಯವರು ಬರೆದದ್ದು ಯಾವುದು ಎಂದು ಬೇರೆ ಮಾಡಲು ಮೇಷ್ಟ್ರು ಮಾಡಿದ್ದ ಏರ್ಪಾಟು ಅದು.

ಅಂದರೆ ಕಾರ್ಡು ತಂದವರು ಬಾಯಲ್ಲಿ ಹೇಳಿದ್ದಾರೆ. ಬರೆದವರು ಬೇರೆ. ಮತ್ತು ಬರೆದವರು ಅವರ ಮುಖ ನೋಡಿದ್ದಾರೆ.

ಇನ್‌ಸ್ಪೆಕ್ಟರು ಎದ್ದುನಿಂತ. ಅವನ ಸರ್ವಿಸ್ಸಿನಲ್ಲಿ ಅಷ್ಟು ಬೇಗ ಎದ್ದದ್ದು ಅದೇ ಮೊದಲಿರಬೇಕು. ನಾಲ್ಕನೇ ಬಾಗಿಲಲ್ಲಿ ಯಾರು ಯಾರಿದ್ದರು ಎಂದು ಕೇಳಿದ.

ಮೂವರಿದ್ದರು. ಅವರಲ್ಲಿ ಒಬ್ಬಳು, ಅವತ್ತು ಎಣಿಕೆಯ ಕೆಲಸಕ್ಕೆ ನಿಂತಿದ್ದ ಮೇಷ್ಟ್ರ ಮಗಳು.

ಅವನು ಬಾಗಿಲು ದಾಟುವಷ್ಟರಲ್ಲಿ ಸುರಂಗಪ್ಪನವರು ಹಿಂದಿನಿಂದ ಕರೆದರು. ಇನ್ನೊಂದು ಮಾತಿದೆ, ಹೇಳಿದರೆ ಆ ಮೇಸ್ತ್ರಿಗೇ ಉರುಳಾದೀತೆಂದು ನುಂಗಿಕೊಂಡಿದ್ದೆ ಎಂದರು.

"ನಾನು ಹೊರಡೋವಾಗ ಅವನೇ ಅಂದ. ನೀನಿನ್ನು ಹೋಗು ಮಾರಾಯ, ಮನೆ ವಿಷಯ ಮಾತಾಡೋರು ಬರ್ತಿದಾರೆ ಅಂತ."

ಮನೆ ವಿಷಯ. ಅಳಿಯನಲ್ಲದೆ ಇನ್ಯಾರು ಎಂದು ಮೇಲಿನವರು ಕೇಳದೆ ಬಿಡುವುದಿಲ್ಲ. ಒಂದು ಕೈಯಲ್ಲಿ ಬಿಚ್ಚಿದ ಗಂಟು ಇನ್ನೊಂದು ಕೈಯಲ್ಲಿ ಬಿಗಿಯುತ್ತಿತ್ತು. ಇನ್‌ಸ್ಪೆಕ್ಟರು ಅಭ್ಯಾಸಬಲದಿಂದ ಜೇಬಿನಲ್ಲಿದ್ದ ಕಾಗದದ ಪೊಟ್ಟಣವನ್ನು ಮುಟ್ಟಿ ನೋಡಿಕೊಂಡ. ಅದರಲ್ಲಿ ಗುಂಡಿಯ ಅಂಚಿನ ಕೆಸರಿನಲ್ಲಿ ಸಿಕ್ಕಿದ ಗಾಜಿನ ಚೂರಿತ್ತು, ಉಗುರಿನಷ್ಟು, ಸ್ವಲ್ಪ ಉಬ್ಬಿದ್ದು. ಕನ್ನಡಕದ್ದು ಎಂದು ಡಾಕ್ಟರು ನೋಡಿದೊಡನೆ ಹೇಳಿದ್ದರು. ಮೇಷ್ಟ್ರ ಕನ್ನಡಕ ಜೇಬಿನಲ್ಲಿ ಭದ್ರವಾಗಿತ್ತು. ಅಳಿಯನಿಗೆ ಕನ್ನಡಕವಿಲ್ಲ. ಸುರಂಗಪ್ಪನವರಿಗೂ ಇಲ್ಲ. ಈ ಚೂರು ಯಾರದೆಂದು ನಾಲ್ಕು ದಿನದಿಂದ ಅವನಿಗೆ ಬಗೆಹರಿದಿರಲಿಲ್ಲ.

ಮಗಳು ಚೀಲಗಳ ಕೋಣೆಯಲ್ಲಿ ಆಗಲೇ ಬಂದು ಕೂತಿದ್ದಳು. ತೊಡೆಯ ಮೇಲೆ ಗಂಡನ ಒಗೆದ ಬಟ್ಟೆಯ ಗಂಟು. ಜೈಲಿಗೆ ಹೋಗುವವರಿಗೆ ಎಷ್ಟು ಜೊತೆ ಬಟ್ಟೆ ಕೊಡಬಹುದೆಂದು ಅವನನ್ನು ಕೇಳಿಕೊಂಡು ಹೋಗಲು ಠಾಣೆಯಿಂದ ಇಲ್ಲಿಗೆ ಬಂದಿದ್ದಳು. ಅಮ್ಮನೂ ಜೊತೆಗೆ ಬಂದಿದ್ದಾರೆ, ಮಂಡಿನೋವಿಗೆ ಮೂರು ಮಹಡಿ ಹತ್ತಲಾರರೆಂದು ಕೆಳಗೆ ಬೆಂಚಿನ ಮೇಲೆ ಕೂರಿಸಿ ಬಂದೆ ಎಂದಳು.

ಇನ್‌ಸ್ಪೆಕ್ಟರಿಗೆ ಅವಳ ಮುಖ ನೋಡಲಾಗಲಿಲ್ಲ. ನಾಲ್ಕು ದಿನದಲ್ಲಿ ಹತ್ತು ವರ್ಷ ಹೆಚ್ಚಾದಂತಿದ್ದಳು. ಅವನು ನಂಬರಿನ ಮಗ್ಗುಲನ್ನು ಮೇಜಿಗೆ ಒತ್ತಿ, ಬರಹದ ಮಗ್ಗುಲು ಮೇಲೆ ಬರುವಂತೆ ಕಾರ್ಡನ್ನು ಅವಳ ಮುಂದೆ ಸರಿಸಿದ. ಮೊದಲೇ ನಂಬರು ನೋಡಿದರೆ ಅವಳು ಗಾಬರಿಯಾಗಿ ಏನನ್ನಾದರೂ ಮರೆತಾಳು ಎಂಬ ಎಚ್ಚರ. ಆಮೇಲೆ ಅವನು ಈ ಎಚ್ಚರಕ್ಕಾಗಿ ತನ್ನನ್ನೇ ಎಷ್ಟು ಸಲ ಬಯ್ದುಕೊಂಡನೋ ಲೆಕ್ಕವಿಲ್ಲ.

"ನೋಡಮ್ಮ. ಈ ಬರಹ ಯಾರದು ಅಂತ ಗೊತ್ತಾಗುತ್ತಾ?"

ಅವಳು ಬಾಗಿ ನೋಡಿದಳು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವಳ ಮುಖದಲ್ಲಿ ನಗುವಿನಂಥದೇನೋ ಸುಳಿಯಿತು.

"ನಂದೇ ಸಾರ್. ಇದು ಅಮ್ಮಂಗೆ ಬರೆದುಕೊಟ್ಟಿದ್ದು."

ಅವಳು ತನ್ನ ಪಾಡಿಗೆ ಹೇಳುತ್ತಲೇ ಹೋದಳು. ಒಂಬತ್ತರ ನೂಕುನುಗ್ಗಲು, ಉಸಿರಾಡಲೂ ಬಿಡುವಿಲ್ಲ, ತಲೆಯೆತ್ತಿದರೆ ಎದುರಿಗೆ ಅಮ್ಮ. ಯಾವ ರೈಲಿಗೆ ಬಂದೆ ಎಂದು ಕೇಳಲೂ ಪುರುಸೊತ್ತಿರಲಿಲ್ಲ. ತಿಂಗಳಿಂದ ಮನೆಯ ಊಟದ ಮೇಜಿನ ಮೇಲೆ ವಲಯದ ನಕ್ಷೆಯೇ ಹಾಸಿದ್ದರಿಂದ ಅಮ್ಮನಿಗೂ ಎಲ್ಲ ಬಾಯಿಪಾಠ. ಹದಿನೇಳು, ನಡೆದು, ಆರು ನಿಮಿಷ ಎಂದು ಪಟಪಟನೆ ಒಪ್ಪಿಸಿದರಂತೆ. ಮನೆಯಲ್ಲಿ ಅಡುಗೆಮನೆಗೆ ವಲಯ ಮೂರು, ಬಚ್ಚಲಿಗೆ ವಲಯ ಒಂಬತ್ತು ಎಂದು ಹೆಸರಿಟ್ಟು ಅಪ್ಪನನ್ನು ರೇಗಿಸುತ್ತಿದ್ದವರೂ ಅಮ್ಮನೇ ಎಂದಳು.

"ಅವರೇ ಯಾಕೆ ಬರೀಲಿಲ್ಲ?" ಎಂದು ಕೇಳಿದಾಗ ಇನ್‌ಸ್ಪೆಕ್ಟರಿಗೆ ತನ್ನ ದನಿ ಬೇರೆ ಯಾರದೋ ಎನ್ನಿಸಿತು.

"ಕನ್ನಡಕ ಒಡೆದುಹೋಗಿತ್ತು ಸಾರ್. ಅದನ್ನ ಸರಿಮಾಡಿಸೋಕೇ ಪೇಟೆಗೆ ಬಂದೆ ಅಂದ್ರು."

ಇನ್‌ಸ್ಪೆಕ್ಟರ ಕೈ ಜೇಬಿನ ಪೊಟ್ಟಣದ ಮೇಲೆ ನಿಂತುಬಿಟ್ಟಿತು. ಅವನ ಡೈರಿಯಲ್ಲಿ, ಇದೇ ಕಾರ್ಡು ಇಟ್ಟಿದ್ದ ಪುಟದ ಹಿಂದಿನ ಪುಟದಲ್ಲೇ, ಮೇಷ್ಟ್ರ ಹೆಂಡತಿ ರುಜು ಹಾಕಿದ ಹೇಳಿಕೆಯಿತ್ತು. ಮಂಗಳವಾರ ಬೆಳಿಗ್ಗೆ ಮಂಡಿನೋವು ಹೆಚ್ಚಾಗಿ ಮನೆಯ ಹೊಸ್ತಿಲು ದಾಟಲಿಲ್ಲ. ಸುದ್ದಿ ಬರುವವರೆಗೂ ಹಾಸಿಗೆಯ ಮೇಲೇ ಇದ್ದೆ. ಅದನ್ನು ಬರೆದುಕೊಂಡವನು ಅವನೇ. ಬರೆದುಕೊಳ್ಳುವಾಗ ಆ ತಾಯಿಗೆ ಕುಡಿಯಲು ನೀರು ತಂದುಕೊಟ್ಟವನೂ ಅವನೇ.

"ಯಾಕ್ ಸಾರ್ ಸುಮ್ನಾದ್ರಿ? ಈ ಕಾರ್ಡಿಂದ ನಮ್ಮೆಜಮಾನ್ರಿಗೇನಾದ್ರೂ ಉಪಯೋಗ ಆಗುತ್ತಾ?"

ಆಗುತ್ತದೆ ಎಂದು ಅವನು ಹೇಳಲೇಬೇಕಾಯಿತು. ಅದು ಸತ್ಯವಾಗಿತ್ತು. ಅವಳು ಕಾರ್ಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಎತ್ತಿದವಳು ಸಹಜವಾಗಿ ಅದನ್ನು ಮಗುಚಿದಳು. ಅವನು ಕೈ ಚಾಚುವಷ್ಟರಲ್ಲಿ ತಡವಾಗಿತ್ತು.

ನಾಲ್ಕು ಸೊನ್ನೆ, ಒಂದು ಒಂದು. ಆ ಕಾರ್ಡು ಯಾರ ಜೇಬಿನಲ್ಲಿರುತ್ತದೆಂದು ಮೊದಲು ಪೊಲೀಸರಿಗೆ ಹೇಳಿದವಳೇ ಅವಳು.

ಅವಳು ನಂಬರನ್ನು ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದಳು. ಮತ್ತೆ ಉಜ್ಜಿದಳು. ತೊಡೆಯ ಮೇಲಿದ್ದ ಬಟ್ಟೆಯ ಗಂಟು ಜಾರಿ ನೆಲಕ್ಕೆ ಬಿತ್ತು.

"ಇದನ್ನ ನಾನು ಹೇಳ್ಲಿಲ್ಲ ಅನ್ಕೊಳ್ಳಿ ಸಾರ್," ಎಂದಳು ಬಹಳ ಮೆಲ್ಲಗೆ. "ನಾನು ಬರೆದೇ ಇಲ್ಲ ಅನ್ಕೊಳ್ಳಿ."

"ಹಾಗಂದ್ರೆ ಮೂರು ಗಂಟೆಗೆ ನಿಮ್ಮ ಯಜಮಾನ್ರನ್ನ ಕರ್ಕೊಂಡು ಹೋಗ್ತಾರಮ್ಮ."

ಅವಳು ಗಡಿಯಾರ ನೋಡಿದಳು. ಎರಡೂ ಹತ್ತು. ಕಾರ್ಡು ಅವಳ ಕೈಯಲ್ಲೇ ಇತ್ತು. ಅದನ್ನು ಹರಿದು ಬಾಯಿಗೆ ಹಾಕಿಕೊಂಡರೂ ಅವನು ತಡೆಯಲಾರದಷ್ಟು ದೂರದಲ್ಲಿದ್ದ. ಅವಳ ಬೆರಳುಗಳು ಕಾರ್ಡಿನ ಎರಡು ತುದಿಗಳನ್ನು ಹಾಗೇ ಹಿಡಿದಿದ್ದವು. ಮೇಷ್ಟ್ರ ಮಗಳು ಅವಳು, ಹರಿಯಲು ಕೈ ಬರುತ್ತಿರಲಿಲ್ಲ.

ಆಗ ಹೊರಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ನಿಧಾನವೂ ಅಲ್ಲ, ಕುಂಟುವುದೂ ಅಲ್ಲ. ಗಟ್ಟಿಯಾಗಿ, ಒಂದರ ಹಿಂದೊಂದು, ನಡುವೆ ಎಲ್ಲೂ ನಿಲ್ಲದೆ ಬಂದ ಹೆಜ್ಜೆಗಳು.

ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದರು. ಮೂರು ಮಹಡಿ ಹತ್ತಿದರೂ ಏದುಸಿರಿರಲಿಲ್ಲ. ಮೂಗಿನ ಮೇಲೆ ಹೊಚ್ಚ ಹೊಸ ಕನ್ನಡಕ. ಅವರು ಇನ್‌ಸ್ಪೆಕ್ಟರನ್ನು ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ. ನೋಡಿದ್ದು ಅವಳ ಕೈಯಲ್ಲಿದ್ದ ಕಾರ್ಡನ್ನು. ಅಂಥದೊಂದು ಕಾರ್ಡಿಗಾಗಿ ಚೀಲ ಬಿಚ್ಚುತ್ತಿದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಸಿಕ್ತಾ?" ಎಂದರು ಆ ತಾಯಿ, ಒಂದು ದೊಡ್ಡ ಭಾರ ಇಳಿಸಿದವರ ಹಾಗೆ. "ಹಾಗಾದ್ರೆ ಅವರ ಲೆಕ್ಕ ಪೂರ್ತಿ ಆಯ್ತಲ್ಲ."